ಕಣ್ಣೀರು ಬತ್ತಿಸುವ ವಿಷ

ದೊಡ್ಡ ಸಂಸಾರದ ಮನೆಯಲ್ಲಿ ಕೆಲವು ಕೆಲಸಗಳು ಯಾರ ಅಪ್ಪಣೆಯನ್ನೂ ಕಾಯದೆ ನಡೆದುಹೋಗುತ್ತವೆ. ಮನೆಯವರು ಏಳುವುದಕ್ಕೆ ಮೊದಲೇ ಅಂಗಳವನ್ನು ಸಾರಿಸಿ ಆಗಿರುತ್ತದೆ. ಹಂಡೆಯಲ್ಲಿ ನೀರು ಕಾದಿರುತ್ತದೆ. ದೇವರ ಮುಂದಿನ ದೀಪಕ್ಕೆ ಎಣ್ಣೆ ಬಿದ್ದಿರುತ್ತದೆ. ಯಜಮಾನನು ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಬೆಳಗ್ಗೆ ನೀರು ಕಾಯದೆ ಇದ್ದಾಗ ಮಾತ್ರ, ಇಷ್ಟು ದಿನ ಅದನ್ನು ಕಾಯಿಸುತ್ತಿದ್ದವರು ಯಾರು ಎಂಬ ಯೋಚನೆ ಅವನಿಗೆ ಬರುತ್ತದೆ. ಶರೀರವೆಂಬ ಮನೆಯ ರೀತಿಯೂ ಇದೇ ಆಗಿದೆ.

ಕೈಯೆತ್ತುವುದು, ನಡೆಯುವುದು, ಮಾತನಾಡುವುದು, ಇವು ಮನುಷ್ಯನ ಇಚ್ಛೆಗೆ ಅಧೀನವಾದ ವ್ಯಾಪಾರಗಳು. ಬಾಯಲ್ಲಿ ಜೊಲ್ಲು ಊರುವುದು, ಕಣ್ಣು ಸದಾ ತೇವವಾಗಿರುವುದು, ಬೆಳಕು ತಾಗಿದೊಡನೆ ಪಾಪೆ ಕಿರಿದಾಗುವುದು, ಕರುಳು ಅನ್ನವನ್ನು ಮುಂದಕ್ಕೆ ನೂಕುವುದು, ಮಲಗಿದ್ದವನು ಥಟ್ಟನೆ ಎದ್ದಾಗ ತಲೆಗೆ ರಕ್ತ ಸಾಲದೆ ಹೋಗದಂತೆ ನಾಳಗಳು ಬಿಗಿಯುವುದು, ಇವು ಅವನನ್ನು ಕೇಳಿ ನಡೆಯತಕ್ಕವುಗಳಲ್ಲ. ಫ್ರಾನ್ಸ್ ದೇಶದ ವೈದ್ಯನಾದ ಬಿಷಾ 1800ರಲ್ಲಿಯೇ ಈ ಎರಡು ಬಗೆಯ ಜೀವನವ್ಯಾಪಾರಗಳನ್ನು ಬೇರೆಬೇರೆಯಾಗಿ ವಿಂಗಡಿಸಿದ್ದನು. ಎರಡನೆಯದನ್ನು ನಡೆಯಿಸುವ ನರಗಳ ಸಮೂಹಕ್ಕೆ ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ಪಂಡಿತನು 1898ರಲ್ಲಿ ಸ್ವಾಯತ್ತ ನರಮಂಡಲವೆಂಬ ಅರ್ಥದ ಹೆಸರನ್ನಿಟ್ಟನು. ಸಮಾನವಾಯು ಅನ್ನವನ್ನು ಪಚನ ಮಾಡುತ್ತದೆ, ಅಪಾನವು ಮಲಮೂತ್ರಗಳನ್ನು ಕೆಳಕ್ಕೆ ಒಯ್ಯುತ್ತದೆ ಎಂದು ಈ ದೇಶದ ಪ್ರಾಚೀನರು ಹೇಳಿದರು. ಆ ಮಾತಿಗೂ ಈ ಶಾಸ್ತ್ರಕ್ಕೂ ಬಲವಂತದಿಂದ ಗಂಟು ಹಾಕಬೇಕಾದುದಿಲ್ಲ. ಆದರೆ ಮನುಷ್ಯನು ನಿದ್ರಿಸುತ್ತಿರುವಾಗಲೂ ಎಚ್ಚರವಾಗಿದ್ದು ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆಯು ಅವರನ್ನೂ ಕಾಡಿತ್ತೆಂಬುದು ಇದರಿಂದ ತಿಳಿಯುತ್ತದೆ.

ಈ ಕಾಣದ ಸೇವಕರನ್ನು ಒಬ್ಬೊಬ್ಬರನ್ನಾಗಿ ಸುಮ್ಮನಾಗಿಸುವ ರೋಗವೊಂದುಂಟು. ಅದಕ್ಕೆ ಬಾಟ್ಯುಲಿಸಮ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಬಾಟ್ಯುಲಸ್ ಎಂದರೆ ಸಾಸೇಜು, ಎಂದರೆ ಪ್ರಾಣಿಯ ಕರುಳಿನೊಳಗೆ ಮಾಂಸರಕ್ತಾದಿಗಳನ್ನು ತುಂಬಿ ಕಟ್ಟಿದ ತಿನಿಸು. ರೋಗಕ್ಕೆ ಇಂಥ ಹೆಸರು ಬಂದ ಕಥೆಯು ಜರ್ಮನಿಯ ನೈಋತ್ಯಕ್ಕಿರುವ ವ್ಯೂರ್ಟೆಂಬರ್ಗ್ ಸೀಮೆಯದು.

ಆ ಸೀಮೆಯ ವಿಲ್ಡ್‌ಬಾಡ್ ಎಂಬ ಊರಿನಲ್ಲಿ 1793ರಲ್ಲಿ ಹದಿಮೂರು ಮಂದಿ ಒಂದೇ ಸಲಕ್ಕೆ ಕಾಯಿಲೆ ಬಿದ್ದರು. ಅವರಲ್ಲಿ ಆರು ಮಂದಿ ತೀರಿಹೋದರು. ಅವರೆಲ್ಲರೂ ಹಂದಿಯ ಜಠರದೊಳಗೆ ರಕ್ತವನ್ನು ತುಂಬಿ ಬೇಯಿಸಿದ ಪದಾರ್ಥವೊಂದನ್ನು ತಿಂದಿದ್ದರು. ರೋಗಿಗಳ ಕಣ್ಣಿನ ಪಾಪೆಗಳು ಅಗಲವಾಗಿ ತೆರೆದಿದ್ದುದನ್ನು ಕಂಡು, ಇದು ಬೆಲಡೋನ ಎಂಬ ವಿಷದ ಗಿಡದ ಕೆಲಸವಿರಬೇಕೆಂದು ವೈದ್ಯರು ಶಂಕಿಸಿದರು. ಆ ಗಿಡದ ರಸವೂ ಪಾಪೆಯನ್ನು ಅಗಲಿಸುತ್ತದೆ, ಬಾಯನ್ನು ಒಣಗಿಸುತ್ತದೆ. ಶಂಕೆಯು ತಪ್ಪಾಗಿತ್ತು, ಆದರೆ ಬುದ್ಧಿಯಿಲ್ಲದ ಶಂಕೆಯಲ್ಲ. ಎರಡು ವಿಷಗಳೂ ಒಂದೇ ಸೇವಕವರ್ಗದ ಮೇಲೆ ಬೀಳುತ್ತವೆಂಬುದು ಬಹುಕಾಲದ ಮೇಲೆ ತಿಳಿಯಬೇಕಾಗಿತ್ತು. ಅನಂತರದ ವರ್ಷಗಳಲ್ಲಿ ಯುದ್ಧಗಳಿಂದ ಆ ಸೀಮೆಯಲ್ಲಿ ಬಡತನ ಹೆಚ್ಚಿತು; ಆಹಾರವನ್ನು ಸಿದ್ಧಪಡಿಸುವುದರಲ್ಲಿ ಶುಚಿ ಕಡಮೆಯಾಯಿತು; ಇಂಥ ಮರಣಗಳು ಮತ್ತೆ ಮತ್ತೆ ವರದಿಯಾಗತೊಡಗಿದವು.

ಆಗ ಈ ಕೆಲಸಕ್ಕೆ ಕೈಹಾಕಿದವನು ಯೂಸ್ಟಿನುಸ್ ಕೆರ್ನರ್ ಎಂಬ ವೈದ್ಯನು. ಅವನು ಹುಟ್ಟಿದುದು 1786ರಲ್ಲಿ, ಲುಡ್ವಿಗ್ಸ್‌ಬುರ್ಗ್ ಎಂಬ ಪಟ್ಟಣದಲ್ಲಿ. ತಂದೆಯನ್ನು ಚಿಕ್ಕಂದಿನಲ್ಲಿಯೇ ಕಳೆದುಕೊಂಡು, ಕೆಲವು ಕಾಲ ಬಟ್ಟೆಯ ಕಾರ್ಖಾನೆಯೊಂದರಲ್ಲಿ ದುಡಿದು, ಆಮೇಲೆ ಟ್ಯೂಬಿಂಗನ್ನಿನ ವಿಶ್ವವಿದ್ಯಾಲಯದಲ್ಲಿ ವೈದ್ಯವನ್ನು ಓದಿದನು. ಬುದ್ಧಿಭ್ರಮಣೆಯಾಗಿ ಅಲ್ಲಿಯ ಆಸ್ಪತ್ರೆಗೆ ಬಂದಿದ್ದ ಮಹಾಕವಿ ಹೋಲ್ಡರ್ಲಿನ್ನನ ಶುಶ್ರೂಷೆಗೆ ವಿದ್ಯಾರ್ಥಿಯಾದ ಇವನನ್ನು ನೇಮಿಸಿದ್ದರು. ಕೆರ್ನರನು ತಾನೂ ಕವಿ. ಜರ್ಮನ್ ಸಾಹಿತ್ಯದಲ್ಲಿ ಸ್ವಾಬಿಯನ್ ಕವಿಗಳೆಂಬ ಗುಂಪಿನಲ್ಲಿ ಅವನ ಹೆಸರು ಇಂದಿಗೂ ನಿಂತಿದೆ. ಆದರೆ ಹೊಟ್ಟೆಪಾಡಿಗೆ ಅವನು ಹಳ್ಳಿಪಟ್ಟಣಗಳ ಸರ್ಕಾರಿ ವೈದ್ಯನಾಗಿದ್ದನು. ಗೈಲ್‌ಡಾರ್ಫಿನಲ್ಲಿದ್ದಾಗ, 1817ರಲ್ಲಿ, ಈ ರೋಗವನ್ನು ಕುರಿತು ಮೊದಲ ವರದಿಯನ್ನು ಬರೆದನು. 1819ರಲ್ಲಿ ವೈನ್ಸ್‌ಬರ್ಗಿಗೆ ಬಂದು ನೆಲೆಸಿದನು. ಮರುವರ್ಷ 76 ರೋಗಿಗಳ ವೃತ್ತಾಂತವನ್ನೂ, 1822ರಲ್ಲಿ 155 ರೋಗಿಗಳ ವೃತ್ತಾಂತವನ್ನೂ ಪುಸ್ತಕರೂಪದಲ್ಲಿ ಪ್ರಕಟಿಸಿದನು.

ಆ ಕಾಲದ ಒಬ್ಬ ವೈದ್ಯನ ಕೈಯಲ್ಲಿ ಇದ್ದುದೇನು? ರಕ್ತಪರೀಕ್ಷೆಯಿಲ್ಲ, ರೋಗಾಣುವೆಂಬ ಕಲ್ಪನೆಯು ಇನ್ನೂ ನೆಲೆಗೊಂಡಿರಲಿಲ್ಲ. ರೋಗಿಯ ಮಂಚದ ಪಕ್ಕದಲ್ಲಿ ಕುಳಿತು ನೋಡುವುದೊಂದೇ ಅವನಿಗಿದ್ದ ಸಾಧನ. ಕೆರ್ನರನು ನೋಡಿದನು. ರೆಪ್ಪೆ ಬಿದ್ದುಹೋಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಸ್ವರ ಕುಗ್ಗುವುದು, ನುಂಗಲಾರದೆ ಹೋಗುವುದು, ಇವುಗಳನ್ನು ಯಾರಾದರೂ ಗಮನಿಸಿಯಾರು. ಇವುಗಳ ಜೊತೆಗೆ ಅವನು ಇನ್ನಷ್ಟು ಸಣ್ಣ ಸಂಗತಿಗಳನ್ನೂ ಬರೆದಿಟ್ಟನು. ರೋಗಿಯ ಬಾಯಿ ಗಂಟಲುಗಳಲ್ಲಿ ಒಂದು ತೊಟ್ಟು ತೇವವಿರುವುದಿಲ್ಲ. ಕಣ್ಣಿನಲ್ಲಿ ನೀರು ಹುಟ್ಟುವುದಿಲ್ಲ. ದೀಪವನ್ನು ಹತ್ತಿರ ತಂದರೂ ಪಾಪೆ ಅಲುಗುವುದಿಲ್ಲ. ಚರ್ಮ ಒಣಗಿ ತಣ್ಣಗಾಗುತ್ತದೆ. ಕರುಳು ನಿಶ್ಚಲವಾಗುತ್ತದೆ, ಮೂತ್ರ ಕಟ್ಟುತ್ತದೆ, ನಾಡಿ ಕ್ಷೀಣಿಸುತ್ತದೆ. ಇಷ್ಟಾದರೂ ಬುದ್ಧಿ ಮಾತ್ರ ಕೊನೆಯವರೆಗೂ ತಿಳಿಯಾಗಿರುತ್ತದೆ.

ಈ ಕೊನೆಯ ಮಾತಿನಲ್ಲಿರುವ ಕ್ರೌರ್ಯವನ್ನು ವಾಚಕರು ಒಂದು ಕ್ಷಣ ಯೋಚಿಸಿ ನೋಡಬೇಕು. ಸನ್ನಿಯಲ್ಲಿ ಬಡಬಡಿಸುವವನಿಗೆ ತನ್ನ ಅವಸ್ಥೆಯ ಅರಿವಿಲ್ಲ. ಮೂರ್ಛೆ ಹೋದವನಿಗೆ ಭಯವಿಲ್ಲ. ಈ ರೋಗಿಗೆ ಎಲ್ಲವೂ ತಿಳಿಯುತ್ತದೆ. ಹೆಂಡತಿ ಮಕ್ಕಳು ಸುತ್ತ ನಿಂತು ಅಳುವುದು ಕೇಳುತ್ತದೆ. ಉತ್ತರ ಕೊಡಲು ನಾಲಗೆ ಏಳದು; ನೋಡಲು ರೆಪ್ಪೆ ಏಳದು; ದುಃಖವನ್ನು ಹೊರಗೆ ಹಾಕುವುದಕ್ಕೆ ಒಂದು ತೊಟ್ಟು ಕಣ್ಣೀರು ಸಹ ಒದಗದು. ಕಣ್ಣೀರನ್ನು ಕವಿಗಳು ಎಷ್ಟೋ ಬಗೆಯಾಗಿ ವರ್ಣಿಸಿದ್ದಾರೆ. ಕಣ್ಣೀರಿಲ್ಲದಿರುವುದು ಒಂದು ರೋಗಲಕ್ಷಣವೆಂದು ಎಚ್ಚರದಿಂದ ಬರೆದಿಟ್ಟ ಈ ವೈದ್ಯನು ಕವಿಯೂ ಆಗಿದ್ದುದು ಅಚ್ಚರಿಯಲ್ಲ.

ಕೆರ್ನರನು ಅಷ್ಟಕ್ಕೇ ನಿಲ್ಲಲಿಲ್ಲ. ಕೆಟ್ಟ ಸಾಸೇಜಿನಿಂದ ಸಾರವನ್ನು ತೆಗೆದು ಬೆಕ್ಕು, ಮೊಲ, ಹಕ್ಕಿ, ಕಪ್ಪೆ ಮೊದಲಾದ ಪ್ರಾಣಿಗಳಿಗೆ ಕೊಟ್ಟು ನೋಡಿದನು. ಕೊನೆಗೆ ಅದರ ಕೆಲವು ತೊಟ್ಟುಗಳನ್ನು ತನ್ನ ನಾಲಗೆಯ ಮೇಲೆಯೇ ಹಾಕಿಕೊಂಡನು. ಬಾಯಿ ಗಂಟಲುಗಳು ಒಣಗಿದವು. ಸಾಹಸವು ಅಲ್ಲಿಗೇ ಮುಗಿದುದು ಅವನ ಪುಣ್ಯ. ಹೀಗೆ ಸಂಗ್ರಹಿಸಿದ ಸಾಮಗ್ರಿಯಿಂದ ಅವನು ಮಾಡಿದ ನಿರ್ಣಯವು ಇದು: ಈ ವಿಷವು ಮಿದುಳನ್ನು ಮುಟ್ಟುವುದಿಲ್ಲ, ಇಚ್ಛೆಗೆ ಒಳಪಟ್ಟ ನರಗಳಲ್ಲಿಯೂ, ಇಚ್ಛೆಯಿಲ್ಲದೆ ನಡೆಯುವ ವ್ಯಾಪಾರಗಳ ನರಗಳಲ್ಲಿಯೂ ಸಂದೇಶದ ಸಂಚಾರವನ್ನು ತಡೆಯುತ್ತದೆ. ವಿದ್ಯುತ್ತನ್ನು ಒಯ್ಯುವ ಲೋಹಕ್ಕೆ ತುಕ್ಕು ಹಿಡಿದರೆ ಹೇಗೋ ಹಾಗೆ ಎಂದು ಅವನು ಹೋಲಿಕೆ ಕೊಟ್ಟನು. ಗಾಳಿಯ ಸಂಪರ್ಕ ತಪ್ಪಿದ ಕಡೆಯಲ್ಲಿಯೇ ವಿಷವು ಹುಟ್ಟುತ್ತದೆಂಬುದನ್ನೂ, ಅತ್ಯಲ್ಪ ಪ್ರಮಾಣದಲ್ಲಿಯೇ ಕೊಲ್ಲುತ್ತದೆಂಬುದನ್ನೂ ಕಂಡುಕೊಂಡನು. ಒಂದು ವಿಷಯದಲ್ಲಿ ಮಾತ್ರ ಎಡವಿದನು. ವಿಷವು ಕೊಬ್ಬಿನಿಂದ ಹುಟ್ಟುವ ಒಂದು ಆಮ್ಲವೆಂದು ಅವನು ನಂಬಿದ್ದನು. ವಿಷದ ಕುಲವನ್ನು ಹೇಳುವುದರಲ್ಲಿ ತಪ್ಪಿದವನು ಅದರ ನಡತೆಯನ್ನು ಹೇಳುವುದರಲ್ಲಿ ತಪ್ಪಲಿಲ್ಲ.

ಕುಲವು ತಿಳಿದುದು ಅವನು ತೀರಿಕೊಂಡ ಅನೇಕ ವರ್ಷಗಳ ಮೇಲೆ. 1895ರ ಡಿಸೆಂಬರಿನಲ್ಲಿ ಬೆಲ್ಜಿಯಮ್ ದೇಶದ ಎಲ್‌ಜೆಲ್ ಎಂಬ ಹಳ್ಳಿಯಲ್ಲಿ ವೃದ್ಧನೊಬ್ಬನ ಶವಸಂಸ್ಕಾರಕ್ಕೆ ವಾದ್ಯಗಾರರ ತಂಡವೊಂದು ಬಂದಿತ್ತು. ಊಟಕ್ಕೆ ಉಪ್ಪಿನಲ್ಲಿಟ್ಟ ಹಂದಿಯ ತೊಡೆಯ ಮಾಂಸವನ್ನು ಬಡಿಸಿದರು. ತಿಂದವರಲ್ಲಿ ಹಲವರು ಕಾಯಿಲೆ ಬಿದ್ದು, ಮೂವರು ಸತ್ತರು. ಎಮಿಲ್ ಫಾನ್ ಎರ್ಮೆಂಗೆಮ್ ಎಂಬ ಪ್ರಾಧ್ಯಾಪಕನು ಆ ಮಾಂಸದಿಂದಲೂ, ಸತ್ತವನ ಶರೀರದಿಂದಲೂ ಒಂದು ರೋಗಾಣುವನ್ನು ಬೇರ್ಪಡಿಸಿ, 1897ರಲ್ಲಿ ತನ್ನ ಶೋಧನೆಯನ್ನು ಪ್ರಕಟಿಸಿದನು. ಈಗ ಅದಕ್ಕೆ ಕ್ಲಾಸ್ಟ್ರೀಡಿಯಮ್ ಬಾಟ್ಯುಲಿನಮ್ ಎಂದು ಹೆಸರು. ಗಾಳಿಯಿಲ್ಲದ ಕಡೆಯಲ್ಲಿ ಬೆಳೆಯುವ ಈ ಜೀವಿಯು ವಿಷವನ್ನು ಉಂಟುಮಾಡುತ್ತದೆ. ಪ್ರತಿಕೂಲಕಾಲದಲ್ಲಿ ಬೀಜಾಣುವಿನ ರೂಪವನ್ನು ತಾಳಿ ಮಣ್ಣಿನಲ್ಲಿ ವರ್ಷಗಟ್ಟಲೆ ಬಿದ್ದಿರಬಲ್ಲದು.

ವಿಷವು ಸಂದೇಶವನ್ನು ಎಲ್ಲಿ ತಡೆಯುತ್ತದೆಂಬುದು ತಿಳಿಯುವುದಕ್ಕೆ, ಸಂದೇಶವು ಹೇಗೆ ಹೋಗುತ್ತದೆಂಬುದು ಮೊದಲು ತಿಳಿಯಬೇಕಾಗಿತ್ತು. ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದಲ್ಲಿದ್ದ ಆಟೊ ಲೂವಿ ಎಂಬ ವಿಜ್ಞಾನಿಗೆ ಒಂದು ರಾತ್ರಿ ಕನಸಿನಲ್ಲಿ ಒಂದು ಪ್ರಯೋಗವು ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿಕೊಂಡು ಮಲಗಿದನು. ಬೆಳಗ್ಗೆ ತನ್ನ ಬರೆಹವನ್ನು ತಾನೇ ಓದಲಾರದೆ ಹೋದನು. ಮರುರಾತ್ರಿ ಅದೇ ಯೋಚನೆ ಮತ್ತೆ ಬಂದಿತು. ಈ ಸಲ ಚೀಟಿಯನ್ನು ನೆಚ್ಚದೆ ನೆಟ್ಟಗೆ ಪ್ರಯೋಗಶಾಲೆಗೆ ಹೋದನು. ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿ, ಆ ಹೃದಯವನ್ನು ತೊಳೆದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದನು. ನರದ ಸಂಬಂಧವೇ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು! ನರವು ತನ್ನ ಕೊನೆಯಲ್ಲಿ ಒಂದು ರಸವನ್ನು ಸುರಿಸಿ ಅದರ ಮೂಲಕ ಆಜ್ಞೆಯನ್ನು ಮುಟ್ಟಿಸುತ್ತದೆಂದು ಇದರಿಂದ ಸಿದ್ಧವಾಯಿತು. 1921ರಲ್ಲಿ ಪ್ರಕಟವಾದ ಈ ಶೋಧನೆಗಾಗಿ ಲೂವಿಗೂ, ಆ ರಸಗಳ ವಿಷಯದಲ್ಲಿ ಬಹಳ ದುಡಿದ ಇಂಗ್ಲೆಂಡಿನ ಹೆನ್ರಿ ಡೇಲನಿಗೂ 1936ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆ ರಸಕ್ಕೆ ಅಸಿಟೈಲ್‌ಕೋಲೀನ್ ಎಂದು ಹೆಸರು.

ಸ್ವಾಯತ್ತ ನರಮಂಡಲದಲ್ಲಿ ಎರಡು ಪಕ್ಷಗಳುಂಟು. ಅಪಾಯದಲ್ಲಿ ಶರೀರವನ್ನು ಹುರಿದುಂಬಿಸುವುದು ಸಿಂಪಥೆಟಿಕ್ ಎಂಬ ಪಕ್ಷ. ಉಂಡು ವಿಶ್ರಮಿಸುವಾಗ ಶರೀರವನ್ನು ಪೋಷಿಸುವುದು ಪ್ಯಾರಾಸಿಂಪಥೆಟಿಕ್ ಎಂಬ ಪಕ್ಷ. ಎರಡರಲ್ಲಿಯೂ ಆಜ್ಞೆಯು ಬೆನ್ನುಹುರಿ ಅಥವಾ ಮಿದುಳಿನ ಬುಡದಿಂದ ಹೊರಟು, ನಡುವೆ ಒಂದು ನರಗಂಟಿನಲ್ಲಿ ಕೈಬದಲಾಗಿ, ಆಮೇಲೆ ಅಂಗವನ್ನು ಮುಟ್ಟುತ್ತದೆ. ನರಗಂಟಿನಲ್ಲಿ ಕೈಬದಲಾಗುವಾಗ ಎರಡು ಪಕ್ಷಗಳಿಗೂ ಅಸಿಟೈಲ್‌ಕೋಲೀನೇ ದೂತ. ಅಂಗವನ್ನು ಮುಟ್ಟುವಾಗ ಪ್ಯಾರಾಸಿಂಪಥೆಟಿಕ್ ಪಕ್ಷಕ್ಕೆಲ್ಲ ಅದೇ ದೂತ; ಸಿಂಪಥೆಟಿಕ್ ಪಕ್ಷಕ್ಕೆ ಬಹುಮಟ್ಟಿಗೆ ಬೇರೊಂದು ರಸ. ಆದರೆ ಬೆವರಿನ ಗ್ರಂಥಿಗಳಿಗೆ ಹೋಗುವ ನರಗಳು ಸಿಂಪಥೆಟಿಕ್ ಆಗಿದ್ದರೂ ಅಸಿಟೈಲ್‌ಕೋಲೀನನ್ನೇ ಬಳಸುತ್ತವೆ. ಕೈಕಾಲುಗಳ ಮಾಂಸಖಂಡಗಳಿಗೆ ಆಜ್ಞೆಯನ್ನು ಒಯ್ಯುವುದೂ ಇದೇ ರಸ.

ಲಂಡನ್ನಿನಲ್ಲಿ ಬರ್ಗನ್, ಡಿಕನ್ಸ್, ಜಾಟ್‌ಮನ್ ಎಂಬ ಮೂವರು 1949ರಲ್ಲಿ, ಬಾಟ್ಯುಲಿನಮ್ ವಿಷವು ನರದ ತುದಿಯಲ್ಲಿ ಈ ರಸವು ಹೊರಬೀಳದಂತೆ ಮಾಡುತ್ತದೆಂದು ತೋರಿಸಿದರು. ಹೊರಬೀಳದಿರುವುದು ಏಕೆಂಬುದಕ್ಕೆ ಉತ್ತರವು 1992ರಿಂದ ಈಚೆಗೆ ದೊರೆಯಿತು. ರಸವು ನರದ ತುದಿಯಲ್ಲಿ ಅತಿಸೂಕ್ಷ್ಮವಾದ ಚೀಲಗಳಲ್ಲಿ ತುಂಬಿರುತ್ತದೆ. ಚೀಲವನ್ನು ನರದ ಹೊರಪೊರೆಗೆ ಬಿಗಿದು ಬಾಯಿ ತೆರೆಯಿಸುವುದಕ್ಕೆ ಕೆಲವು ಪ್ರೋಟೀನುಗಳು ಕೊಂಡಿಗಳಂತೆ ಇರುತ್ತವೆ. ವಿಷವು ನರದೊಳಗೆ ನುಗ್ಗಿ ಆ ಕೊಂಡಿಗಳನ್ನು ಕತ್ತರಿಸಿಬಿಡುತ್ತದೆ. ನರ ಸತ್ತಿಲ್ಲ, ರಸವೂ ಇದೆ, ಅಂಗವೂ ನೆಟ್ಟಗಿದೆ. ಅಂಚೆಮನೆಯಲ್ಲಿ ಕಾಗದಗಳು ತುಂಬಿ ಬಿದ್ದಿದ್ದು ಚೀಲಗಳು ಮಾತ್ರ ಹೊರಡದಿದ್ದ ಹಾಗೆ.

ಇದನ್ನು ತಿಳಿದ ಮೇಲೆ ಕೆರ್ನರನು ಬರೆದಿಟ್ಟ ಲಕ್ಷಣಗಳೆಲ್ಲಕ್ಕೂ ಅರ್ಥ ದೊರೆಯುತ್ತದೆ. ಪಾಪೆಯನ್ನು ಕಿರಿದುಮಾಡುವ ಆಜ್ಞೆ ಬಾರದ್ದರಿಂದ ಅದು ಅಗಲವಾಗಿಯೇ ನಿಲ್ಲುತ್ತದೆ. ಹತ್ತಿರದ ಅಕ್ಷರ ಮಬ್ಬಾಗುತ್ತದೆ. ಜೊಲ್ಲು, ಕಣ್ಣೀರು, ಬೆವರುಗಳಿಗೆ ಅಪ್ಪಣೆಯಿಲ್ಲ. ಕರುಳೂ ಮೂತ್ರಕೋಶವೂ ಸುಮ್ಮನಾಗುತ್ತವೆ. ಹೃದಯವು ಸಮಯಕ್ಕೆ ತಕ್ಕಂತೆ ತನ್ನ ಗತಿಯನ್ನು ಬದಲಿಸಲಾರದು. ನರಗಂಟುಗಳಲ್ಲಿಯೇ ಸಂದೇಶ ನಿಂತುಹೋಗುವುದರಿಂದ ರೋಗಿ ಎದ್ದು ನಿಂತರೆ ರಕ್ತದ ಒತ್ತಡ ಕುಸಿದು ತಲೆ ಸುತ್ತುತ್ತದೆ. ವಿಲ್ಡ್‌ಬಾಡಿನ ವೈದ್ಯರು ಬೆಲಡೋನವನ್ನು ಶಂಕಿಸಿದುದಕ್ಕೂ ಕಾರಣ ಇದೇ. ಬೆಲಡೋನವು ಕಾಗದವು ಬಂದರೂ ತೆಗೆದುಕೊಳ್ಳದಂತೆ ಮನೆಯ ಬಾಗಿಲನ್ನು ಮುಚ್ಚುತ್ತದೆ. ಈ ವಿಷವು ಕಾಗದವೇ ಹೊರಡದಂತೆ ಮಾಡುತ್ತದೆ. ಆದರೆ ಬೆಲಡೋನವು ಮಿದುಳನ್ನೂ ಹೊಕ್ಕು ಬುದ್ಧಿಯನ್ನು ಕೆಡಿಸುತ್ತದೆ, ಬಡಬಡಿಕೆಯನ್ನು ಹುಟ್ಟಿಸುತ್ತದೆ. ಬುದ್ಧಿ ತಿಳಿಯಾಗಿತ್ತೆಂದು ಕೆರ್ನರನು ಬರೆದ ಒಂದು ಮಾತು ಎರಡನ್ನೂ ಬೇರ್ಪಡಿಸಲು ಸಾಕು.

ರೋಗದ ಅಪಾಯವು ಅದರ ಆರಂಭದ ಸಾಧಾರಣತೆಯಲ್ಲಿದೆ. ಬಾಯಿ ಒಣಗುವುದು, ಓದುವಾಗ ಅಕ್ಷರ ಮಬ್ಬಾಗುವುದು, ಮಲಬದ್ಧತೆ, ಇವುಗಳನ್ನು ಯಾವ ಮನೆಯಲ್ಲಿ ಕಾಯಿಲೆಯೆಂದು ಎಣಿಸುತ್ತಾರೆ? ಜ್ವರವಿರುವುದಿಲ್ಲ, ಮಾತು ವಿವೇಕದಿಂದಲೇ ಕೂಡಿರುತ್ತದೆ. ಈ ಲಕ್ಷಣಗಳ ಜೊತೆಗೆ ರೆಪ್ಪೆ ಭಾರವಾಗುವುದು, ವಸ್ತು ಎರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು ಸೇರಿದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಒಂದೇ ಊಟ ಮಾಡಿದ ಇಬ್ಬರಿಗೆ ಹೀಗಾದರೆ ಸಂದೇಹಕ್ಕೆ ಎಡೆಯೇ ಇಲ್ಲ. ಪ್ರತಿವಿಷವೆಂಬ ಮದ್ದು ರಕ್ತದಲ್ಲಿ ಇನ್ನೂ ಅಲೆಯುತ್ತಿರುವ ವಿಷವನ್ನು ಮಾತ್ರ ಹಿಡಿಯಬಲ್ಲದು. ನರದೊಳಗೆ ಹೊಕ್ಕುದನ್ನು ಹೊರಗೆ ಎಳೆಯಲಾರದು. ಉಸಿರಾಟದ ಮಾಂಸಖಂಡಗಳು ಸೋತರೆ ಯಂತ್ರವು ವಾರಗಟ್ಟಲೆ ಉಸಿರಾಡಿಸಬೇಕಾಗುತ್ತದೆ. ನರದ ತುದಿಗಳು ಮೆಲ್ಲನೆ ಹೊಸ ಚಿಗುರು ಬಿಟ್ಟು, ಹಳೆಯ ತುದಿಗಳೂ ಚೇತರಿಸಿಕೊಂಡು ಆಜ್ಞೆಗಳು ಮತ್ತೆ ಸಂಚರಿಸತೊಡಗುತ್ತವೆ. ನಡೆದಾಡುವಷ್ಟು ಗುಣವಾದವನಿಗೂ ಬಾಯಿಕಣ್ಣುಗಳ ಒಣಗುವಿಕೆ ತಿಂಗಳುಗಟ್ಟಲೆ ಉಳಿಯಬಹುದು.

ಉಪ್ಪು ಹುಳಿಗಳು ಸಾಕಷ್ಟಿರುವ ಮಾವಿನಕಾಯಿ, ನಿಂಬೆಯಕಾಯಿಗಳ ಉಪ್ಪಿನಕಾಯಿಯಲ್ಲಿ ಈ ಜೀವಿ ಬೆಳೆಯಲಾರದು. ಹಿರಿಯ ಗೃಹಿಣಿಯರ ಕೈಯ ಅಳತೆಗೆ ಇದೊಂದು ಮನ್ನಣೆ. ಹುಳಿಯಿಲ್ಲದೆ ಬರಿಯ ಎಣ್ಣೆಯಲ್ಲಿ ಮುಳುಗಿಸಿಟ್ಟ ಪದಾರ್ಥದ ಮಾತು ಬೇರೆ. ಎಣ್ಣೆಯಲ್ಲಿಟ್ಟ ಹೆಚ್ಚಿದ ಬೆಳ್ಳುಳ್ಳಿಯಿಂದಲೇ 1985ರಲ್ಲಿ ಕೆನಡಾ ದೇಶದ ವಾಂಕೂವರಿನಲ್ಲಿ ಅನೇಕರು ಈ ರೋಗಕ್ಕೆ ತುತ್ತಾದರು. ಕುದಿಸಿದರೆ ವಿಷವು ನಾಶವಾಗುತ್ತದೆ. ಬೀಜಾಣುಗಳು ಸಾಧಾರಣ ಕುದಿತಕ್ಕೆ ಸಾಯುವುದಿಲ್ಲ.

ಇನ್ನೊಂದು ವಿಷಯವು ಈ ನಾಡಿನ ತೊಟ್ಟಿಲಿಗೆ ಸಂಬಂಧಪಟ್ಟುದು. ದೊಡ್ಡವರ ಕರುಳಿನಲ್ಲಿ ಬೀಜಾಣುಗಳು ಮೊಳೆಯುವುದು ಬಹು ಅಪರೂಪ. ಒಂದು ವರ್ಷ ತುಂಬದ ಶಿಶುವಿನ ಕರುಳಿಗೆ ಆ ರಕ್ಷಣೆ ಇನ್ನೂ ಬಂದಿರುವುದಿಲ್ಲ. ಅಲ್ಲಿ ಅವು ಮೊಳೆತು ವಿಷವನ್ನು ಸುರಿಸಬಲ್ಲವು. ಈ ಬಗೆಯ ಶಿಶುರೋಗವನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಮೊದಲು ಗುರುತಿಸಿದರು. ಬೀಜಾಣುಗಳು ಶಿಶುವನ್ನು ಸೇರುವ ದಾರಿಗಳಲ್ಲಿ ಜೇನುತುಪ್ಪವೂ ಒಂದೆಂದು ಸ್ವಲ್ಪ ಕಾಲದಲ್ಲಿಯೇ ತಿಳಿದುಬಂದಿತು. ಇಲ್ಲಿಯೂ ಮೊದಲು ನಿಲ್ಲುವ ಸೇವಕನು ಕರುಳು. ಕೆಲವು ದಿನ ಮಗುವಿಗೆ ಮಲಬದ್ಧತೆ. ಆಮೇಲೆ ಅಳುವಿನ ದನಿ ಕುಗ್ಗುತ್ತದೆ, ಮೊಲೆಯನ್ನು ಚೀಪುವ ಬಲ ತಗ್ಗುತ್ತದೆ, ಕತ್ತು ಜೋಲುತ್ತದೆ. ಈ ಕಾರಣದಿಂದಲೇ ಹನ್ನೆರಡು ತಿಂಗಳು ತುಂಬುವವರೆಗೆ ಮಗುವಿಗೆ ಜೇನನ್ನು ನೆಕ್ಕಿಸಲೇಕೂಡದೆಂದು ವೈದ್ಯರು ವಿಧಿಸುತ್ತಾರೆ.

ಜಾತಕರ್ಮದಲ್ಲಿ ಹೊನ್ನಿನಿಂದ ಜೇನುತುಪ್ಪಗಳನ್ನು ನೆಕ್ಕಿಸುವ ವಿಧಿಯನ್ನು ಗೃಹ್ಯಸೂತ್ರಗಳಲ್ಲಿ ಓದಿದವರಿಗೆ ಈ ಮಾತು ಸುಲಭವಾಗಿ ಒಪ್ಪಿಗೆಯಾಗದು. ಅಜ್ಜ ಮುತ್ತಜ್ಜಂದಿರಿಗೆಲ್ಲ ನೆಕ್ಕಿಸಿದ್ದ ಜೇನು ಈಗ ವಿಷವಾಯಿತೇ ಎಂದು ಕೇಳುವವರುಂಟು. ನೆಕ್ಕಿದ ಪ್ರತಿ ಮಗುವೂ ರೋಗಕ್ಕೆ ಬೀಳುತ್ತದೆಂದು ಯಾರೂ ಹೇಳುವುದಿಲ್ಲ. ಯಾವ ಬಟ್ಟಲಿನಲ್ಲಿ ಬೀಜಾಣುವಿದೆಯೆಂಬುದು ಮಾತ್ರ ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯುವಂಥದಲ್ಲ. ಸೋತರೆ ಸೋಲುವುದು ಮಗುವಿನ ಉಸಿರು. ಮಗುವಿನ ಆಯುಸ್ಸೂ ಮೇಧೆಯೂ ಬೆಳೆಯಲೆಂಬುದೇ ಆ ಕರ್ಮದ ಉದ್ದೇಶ. ಉದ್ದೇಶಕ್ಕೆ ಹಾನಿ ತರಬಹುದಾದ ದ್ರವ್ಯವನ್ನು ಹಟದಿಂದ ಹಿಡಿಯುವುದು ಶ್ರದ್ಧೆಯಲ್ಲ. ವಿಹಿತವಾದ ದ್ರವ್ಯವು ಒದಗದಿದ್ದಾಗ ಪ್ರತಿನಿಧಿಯನ್ನು ಸ್ವೀಕರಿಸುವ ವಿಚಾರವು ಮೀಮಾಂಸೆಯನ್ನು ಬಲ್ಲವರಿಗೆ ಹೊಸದಲ್ಲ. ಶಿಶುವಿನ ಕಿವಿಯಲ್ಲಿ ಹೇಳುವ ಮಂತ್ರವು ಹಾಗೆಯೇ ಇರಲಿ. ನಾಲಗೆಗೆ ತಾಯಿಯ ಹಾಲಿಗಿಂತ ಉತ್ತಮವಾದ ಪ್ರತಿನಿಧಿಯು ಯಾವುದಿದ್ದೀತು?

ಕೆರ್ನರನ ಕಥೆಯಲ್ಲಿ ಒಂದು ಮಾತು ಉಳಿದಿದೆ. ಈ ವಿಷವನ್ನು ಅತ್ಯಲ್ಪವಾಗಿ ಬಳಸಿದರೆ, ಅಂಗಗಳು ಹತೋಟಿ ತಪ್ಪಿ ಅಲುಗುವ ರೋಗಗಳಲ್ಲಿಯೂ, ಬೆವರು ಮೊದಲಾದ ದ್ರವಗಳು ಮಿತಿಮೀರಿ ಸುರಿಯುವ ಕಡೆಯಲ್ಲಿಯೂ ಅದು ಔಷಧವಾದೀತೆಂದು ಅವನು 1822ರಲ್ಲಿಯೇ ಬರೆದಿದ್ದನು. ಸ್ಯಾನ್ ಫ್ರಾನ್ಸಿಸ್ಕೋದ ಆಲನ್ ಸ್ಕಾಟ್ ಎಂಬ ನೇತ್ರವೈದ್ಯನು ಮೆಳ್ಳೆಗಣ್ಣಿನ ಚಿಕಿತ್ಸೆಗೆ ಇದನ್ನು ಬಳಸಿ ದಾರಿ ತೆರೆದನು. ಅಮೆರಿಕದ ಸರ್ಕಾರವು 1989ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಕಂಕುಳಿನ ಅತಿಬೆವರಿಗೆ 2004ರಲ್ಲಿಯೂ, ಜೊಲ್ಲು ಸುರಿಯುವಿಕೆಗೆ 2018ರಲ್ಲಿಯೂ ಅಲ್ಲಿ ಅನುಮತಿ ದೊರೆಯಿತು. ಬೆವರನ್ನೂ ಜೊಲ್ಲನ್ನೂ ಬತ್ತಿಸಿ ಕೊಲ್ಲುತ್ತಿದ್ದ ವಿಷವು ಅವುಗಳನ್ನು ಮಿತಿಯಲ್ಲಿಡುವ ಮದ್ದಾಯಿತು.

ಕೆರ್ನರನು ಇದಾವುದನ್ನೂ ನೋಡಲಿಲ್ಲ. ಮುಪ್ಪಿನಲ್ಲಿ ಅವನ ದೃಷ್ಟಿಯೇ ಮಂದವಾಗಿ, 1851ರಲ್ಲಿ ಉದ್ಯೋಗವನ್ನು ಬಿಟ್ಟನು. ಕಾಗದದ ಮೇಲೆ ಬಿದ್ದ ಮಸಿಯ ಕಲೆಗಳನ್ನು ಮಡಿಸಿ ಒತ್ತಿ, ಮೂಡಿದ ಆಕಾರಗಳಿಗೆ ಪದ್ಯ ಕಟ್ಟುತ್ತ ಕಾಲವನ್ನು ಕಳೆದನು. 1862ರಲ್ಲಿ ವೈನ್ಸ್‌ಬರ್ಗಿನಲ್ಲಿ ತೀರಿಕೊಂಡನು. ದೃಷ್ಟಿ ಚೆನ್ನಾಗಿದ್ದ ಕಾಲದಲ್ಲಿ ಅವನು ಮಂಚದ ಪಕ್ಕದಲ್ಲಿ ಕುಳಿತು, ಮಾತನಾಡಲಾರದವರ ಒಣಗಿದ ಕಣ್ಣುಗಳನ್ನು ನೋಡಿ ಬರೆದಿಟ್ಟಿದ್ದನು. ಮನೆಯಲ್ಲಿ ಯಾರಾದರೂ ಬಾಯಿ ಒಣಗುತ್ತದೆ, ಅಕ್ಷರ ಮಬ್ಬಾಗಿದೆ, ರೆಪ್ಪೆ ಏಕೋ ಭಾರವಾಗಿದೆ ಎಂದಾಗ, ಅದನ್ನು ವಯಸ್ಸಿನ ಮೇಲೆ ಹಾಕದೆ ಒಂದು ಗಳಿಗೆ ಹತ್ತಿರ ಕುಳಿತು ಮುಖವನ್ನು ನೋಡುವವರೊಬ್ಬರು ಇದ್ದರೆ, ಒಂದು ಜೀವ ಉಳಿಯಬಹುದು.